ಎರಡನೇ ಚರಣದ ಫಕ್ಕೀರವ್ವ

ನಮ್ಮ ದೊಡ್ಡವ್ವ ಒಂದು ಸಿನಿಮಾದಲ್ಲಿ ಇದ್ದಾಳೆ. ಈ ಮಾತನ್ನು ನಾನು ಬುದ್ಧಿ ಬಂದಾಗಿನಿಂದ ಕೇಳುತ್ತಿದ್ದೇನೆ. ಆದರೆ ಅವಳನ್ನು ಆ ಸಿನಿಮಾದಲ್ಲಿ ನಾನು ನೋಡಿಲ್ಲ, ನಮ್ಮ ಓಣಿಯಲ್ಲಿ ಯಾರೂ ನೋಡಿಲ್ಲ, ಅದೆಲ್ಲ ಹೋಗಲಿ, ಸ್ವತಃ ಅವಳೇ ನೋಡಿಲ್ಲ. ಈ ಸಿಟ್ಟನ್ನು ಯಾರ ಮೇಲೆ ತೀರಿಸಬೇಕೋ ತಿಳಿಯದೆ ಫೋನ್ ಹಿಡಿದು ಕೂತಿದ್ದೇನೆ. ಪೂರ್ತಿ ಕೇಳಿ, ನಡುವೆ ಓಡಿಸಬೇಡಿ. ನಡುವೆ ಓಡಿಸುವವರಿಂದಲೇ ನಮಗೆ ಈ ಗತಿ ಬಂದಿರುವುದು.

ದೊಡ್ಡವ್ವ ಅಂದರೆ ನನ್ನ ಅವ್ವನ ಅಕ್ಕ, ಫಕ್ಕೀರವ್ವ. ಬ್ಯಾಡಗಿಯಲ್ಲಿ ನಮ್ಮ ಮನೆಗೆ ಗೋಡೆ ಹಚ್ಚಿಯೇ ಅವಳ ಮನೆ. ವಯಸ್ಸು ಅರವತ್ತು ದಾಟಿದೆ. ಕೆಲಸ ಮೆಣಸಿನಕಾಯಿಯ ತುಂಬು ಬಿಡಿಸುವುದು, ಅಂದರೆ ಒಣಗಿದ ಕಾಯಿಯ ತೊಟ್ಟು ಕಿತ್ತು ಕಾಯಿಯನ್ನು ಬೇರೆ ರಾಶಿಗೆ ಹಾಕುವುದು. ಮದುವೆಯಾಗಿ ಬಂದಾಗಿನಿಂದ ಅದೇ ಕೆಲಸ. ಸಂಜೆ ಬಂದು ಅಂಗಳದಲ್ಲಿ ಸೆರಗು ಕೊಡವಿದರೆ ನಮ್ಮ ಮನೆಯಲ್ಲಿ ಎಲ್ಲರೂ ಸೀನುತ್ತಾರೆ, ಅವಳೊಬ್ಬಳು ಸೀನುವುದಿಲ್ಲ. ಅವಳ ಅಡುಗೆಯಲ್ಲಿ ಮಾತ್ರ ಖಾರವೇ ಇರುವುದಿಲ್ಲ. ಕೇಳಿದರೆ, "ದಿನಾ ಮುಂಜಾನಿಂದ ಸಂಜೀತನ ನೋಡಿದ್ದನ್ನ ತಾಟಿನ್ಯಾಗೂ ನೋಡಬೇಕೇನ?" ಅನ್ನುತ್ತಾಳೆ.

ನಾನಿನ್ನೂ ನಡೆಯಲು ಕಲಿಯುತ್ತಿದ್ದಾಗ ಬ್ಯಾಡಗಿಗೆ ಒಂದು ಸಿನಿಮಾ ತಂಡ ಬಂತು. ಊರ ಹೊರಗಿನ ಕಣದಲ್ಲಿ ಮೆಣಸಿನಕಾಯಿ ಒಣಗಲು ಹರವಿದ್ದರು, ಕಣ್ಣು ಹಾಯುವಷ್ಟು ದೂರ ಕೆಂಪು. ಆ ಕೆಂಪಿನ ನಡುವೆ ಒಂದು ಹಾಡು ತೆಗೆಯುವುದು ಅವರ ಆಸೆ. ಕುಣಿಯಲು ಬಂದಿದ್ದ ಹುಡುಗ ಹುಡುಗಿಯರು ಮೊದಲ ದಿನವೇ ಸೀನಿ ಸೀನಿ ಕಣದ ಆಚೆ ಹೋಗಿ ಕುಳಿತರು. ಡ್ಯಾನ್ಸ್ ಮಾಸ್ತರ ಮೂಗಿಗೆ ಟವೆಲ್ ಕಟ್ಟಿಕೊಂಡು ಕೈಸನ್ನೆಯಲ್ಲೇ ಹೆಜ್ಜೆ ಹೇಳಿಕೊಟ್ಟನಂತೆ. ಕಡೆಗೆ, ಸೀನದೆ ನಿಲ್ಲುವವರು ಬೇಕೆಂದು ಅಲ್ಲೇ ಕೆಲಸ ಮಾಡುತ್ತಿದ್ದ ಹೆಂಗಸರನ್ನು ಕರೆದರು.

ಮೊದಲು ಆರಿಸಿದ್ದು ಸಕೀನಾಬಿಯನ್ನು. ಸಕೀನಾಬಿ ನಮ್ಮ ದೊಡ್ಡವ್ವನ ಗೆಳತಿ, ಆಗಿನಿಂದ ಇವತ್ತಿನವರೆಗೂ ಒಂದೇ ರಾಶಿಗೆ ಎದುರುಬದುರು ಕೂರುವವರು. ಅವಳ ಬಿದಿರಿನ ಬುಟ್ಟಿ ಹೊಸದು, ಅವಳ ಮುಖವೂ ದುಂಡಗೆ. ಹೀರೋಯಿನ್ ಬಂದು ಅವಳ ತಲೆಯ ಮೇಲಿನ ಬುಟ್ಟಿ ತೆಗೆದು ತನ್ನ ತಲೆಗೆ ಇಟ್ಟುಕೊಳ್ಳಬೇಕು, ಇವಳು ಅವಳನ್ನು ನೋಡಿ ನಗಬೇಕು. ಅಷ್ಟೇ. ಎಲ್ಲ ತಯಾರಾಯಿತು. ಮೇಕಪ್ಪಿನವನು ಬಂದು ಸಕೀನಾಬಿಯ ಮುಖಕ್ಕೆ ಪೌಡರ್ ಹಚ್ಚಿದ. ವರ್ಷಗಟ್ಟಲೆ ಮೆಣಸಿನಕಾಯಿಯ ಧೂಳಿಗೆ ಸೀನದ ಹೆಂಗಸು ಆ ಪೌಡರಿಗೆ ಸೀನತೊಡಗಿದಳು. ಹಾಡು ಹಾಕಿದಾಗಲೆಲ್ಲ ಸೀನು. ಮಾಸ್ತರ ತಲೆ ಚಚ್ಚಿಕೊಂಡು ಪಕ್ಕದಲ್ಲಿ ನಿಂತಿದ್ದ ದೊಡ್ಡವ್ವನತ್ತ ಬೆರಳು ಮಾಡಿದ.

"ನನಗ ಪೌಡರ ಬ್ಯಾಡ್ರಿ. ನಾ ಇದ್ದಂಗ ನಿಂದರ್ತೇನಿ" ಅಂದಳಂತೆ ದೊಡ್ಡವ್ವ. ಬುಟ್ಟಿ ಸಕೀನಾಬಿಯದೇ ಉಳಿಯಿತು, ತಲೆ ಬದಲಾಯಿತು.

ಹಾಡು ಆ ವರ್ಷ ಎಲ್ಲ ಕಡೆ ಓಡಿತು. ಆಟೋದಲ್ಲಿ ಅದೇ, ಮದುವೆಯಲ್ಲಿ ಅದೇ, ಗಣಪತಿ ಕೂರಿಸಿದರೂ ಅದೇ. ನಮ್ಮ ಕಡೆ ಅದನ್ನು ಮೆಣಸಿನಕಾಯಿ ಹಾಡು ಎಂದೇ ಕರೆಯುತ್ತಾರೆ. ಅದು ಸುಮ್ಮನೆ ಕುಣಿಸಲು ಹಾಕಿದ ಹಾಡಲ್ಲ. ಪಟ್ಟಣದ ಹುಡುಗಿ ಅಪ್ಪನ ಜೊತೆ ಹೊಲ ಮಾರಲು ಊರಿಗೆ ಬಂದಿರುತ್ತಾಳೆ. ಪಲ್ಲವಿಯಲ್ಲಿ ಕಾರಿನಿಂದ ಇಳಿಯುವುದೇ ಇಲ್ಲ. ಮೊದಲನೇ ಚರಣದಲ್ಲಿ ಮೂಗಿಗೆ ಕರ್ಚೀಫು ಹಿಡಿದು ಕಣದ ಅಂಚಿನಲ್ಲಿ ನಡೆಯುತ್ತಾಳೆ, ಹೀರೋ ಅವಳ ಸುತ್ತ ಕುಣಿಯುತ್ತಾನೆ. ದೊಡ್ಡವ್ವ ಹೇಳುವ ಪ್ರಕಾರ, ಎರಡನೇ ಚರಣದಲ್ಲಿ ಕರ್ಚೀಫು ಬಿಟ್ಟು ಒಳಗೆ ಬರುತ್ತಾಳೆ, ಕೆಲಸದ ಹೆಂಗಸಿನ ತಲೆಯಿಂದ ಬುಟ್ಟಿ ತೆಗೆದುಕೊಳ್ಳುತ್ತಾಳೆ, ಆ ಹೆಂಗಸು ನಗುತ್ತಾಳೆ. ಹಾಡು ಮುಗಿದ ಮರುಕ್ಷಣ ಅಪ್ಪನಿಗೆ, ಹೊಲ ಮಾರುವುದು ಬೇಡ ಅನ್ನುತ್ತಾಳೆ. ಯಾಕೆ ಬೇಡ ಅಂತ ಸಿನಿಮಾದಲ್ಲಿ ಎಲ್ಲಿಯೂ ಮಾತಿನಲ್ಲಿ ಹೇಳುವುದಿಲ್ಲ. ಆ ನಗುವೇ ಕಾರಣ. ಎರಡನೇ ಚರಣ ತೆಗೆದರೆ ಹುಡುಗಿಗೆ ತಲೆ ಕೆಟ್ಟಿದೆ ಅನ್ನಿಸುತ್ತದೆ.

ಆದರೆ ಲೋಕದಲ್ಲಿ ಎಲ್ಲರೂ ತೆಗೆಯುವುದು ಎರಡನೇ ಚರಣವನ್ನೇ.

ಸಿನಿಮಾ ಮೊದಲು ಹಾವೇರಿಗೆ ಬಂದಾಗ ದೊಡ್ಡವ್ವ ಮಗಳ ಬಾಣಂತನಕ್ಕೆ ಅಗಡಿಯಲ್ಲಿದ್ದಳು. ಸಕೀನಾಬಿ ಒಬ್ಬಳೇ ಹೋಗಿ ನೋಡಿ ಬಂದಳು. ಆಮೇಲೆ ಎಷ್ಟೋ ತಿಂಗಳಿಗೆ ಬ್ಯಾಡಗಿಗೆ ಹಳೇ ಪ್ರಿಂಟು ಬಂತು. ದೊಡ್ಡವ್ವ ಹೊಸ ಸೀರೆ ಉಟ್ಟು ಹೋದಳು. ಜನ ಕೊನೆಯ ಬಸ್ಸು ಹಿಡಿಯಲಿ ಎಂದು ಕತ್ತರಿಸಿದ್ದರೋ, ರೀಲು ಹರಿದಿತ್ತೋ, ಮೊದಲನೇ ಚರಣ ಮುಗಿದದ್ದೇ ಹುಡುಗಿ ಅಪ್ಪನ ಮುಂದೆ ನಿಂತಿದ್ದಳು. ಟಿವಿಯಲ್ಲಿ ಹಾಡು ಬಂದರೆ ಎರಡನೇ ಚರಣಕ್ಕೆ ಸರಿಯಾಗಿ ಸೋಪಿನ ಜಾಹೀರಾತು. ಯೂಟ್ಯೂಬಿನಲ್ಲಿ ಅರ್ಧ ಹಾಡು. ಪೂರ್ತಿ ಹಾಡು ಇರುವ ಇನ್ನೊಂದು ಕಡೆ ಚಿತ್ರವೇ ಇಲ್ಲ, ಹೀರೋನ ಒಂದೇ ಫೋಟೋ, ಕೆಳಗೆ ಅಕ್ಷರ ಓಡುತ್ತವೆ. ರೀಲ್ಸಿನವರ ವಿಷಯ ಕೇಳಬೇಡಿ, ಅವರು ಪಲ್ಲವಿಯನ್ನೂ ಪೂರ್ತಿ ಹಾಕುವುದಿಲ್ಲ.

ಇಷ್ಟು ದಿನ ದೊಡ್ಡವ್ವ ಇದನ್ನು ಹೇಗೋ ಸಹಿಸಿದ್ದಳು. ಈ ಸುಗ್ಗಿಯಲ್ಲಿ ಭುವನಾ ಎಂಬ ಹುಡುಗಿ ಕೆಲಸಕ್ಕೆ ಸೇರಿದಳು. ಫೋನಿನಲ್ಲಿ ಏನನ್ನಾದರೂ ಹುಡುಕುವುದರಲ್ಲಿ ಎತ್ತಿದ ಕೈ. ಊಟದ ಹೊತ್ತಿಗೆ ದೊಡ್ಡವ್ವ ಎಂದಿನಂತೆ ತನ್ನ ಸಿನಿಮಾದ ಕಥೆ ಎತ್ತಿದಳು. ಭುವನಾ ಕೈ ಒರೆಸಿಕೊಂಡು ಫೋನ್ ತೆಗೆದಳು. ಆವತ್ತು ನಾನು ಊಟದ ಡಬ್ಬಿ ಕೊಡಲು ಹೋಗಿದ್ದೆ, ಎಲ್ಲವೂ ನನ್ನೆದುರಿಗೇ ಆಯಿತು.

"ಆಯಿ, ಎಲ್ಲಾ ನೋಡಿದ್ನಿ. ಹೀರೋ ಅದಾನ, ಹೀರೋಯಿನ್ ಅದಾಳ, ಎರಡ ಎತ್ತ ಅದಾವು. ನೀ ಇಲ್ಲ."

"ಎರಡನೇ ಚರಣ ನೋಡವಾ."

"ಇದರಾಗ ಎರಡನೇ ಚರಣನ ಇಲ್ಲ."

"ಹಂಗಾದ್ರ ನಾನೂ ಇರೂದಿಲ್ಲ."

"ಅಂದ್ರ, ಇಲ್ಲದ ಚರಣದಾಗ ನೀ ಅದೀ ಅಂದಂಗಾತು."

ಕೂತವರೆಲ್ಲ ನಕ್ಕರು. ದೊಡ್ಡವ್ವ ಸಕೀನಾಬಿಯತ್ತ ತಿರುಗಿದಳು. "ನೀ ಹೇಳ, ಸಕೀನಾ. ನೀ ಹಾವೇರ್ಯಾಗ ನೋಡೀದಿ."

ಸಕೀನಾಬಿ ರೊಟ್ಟಿ ಮುರಿಯುತ್ತಾ, ತಲೆ ಎತ್ತದೆ ಹೇಳಿದಳು, "ಬುಟ್ಟಿ ನೋಡೇನಿ. ನಂದ ಬುಟ್ಟಿ, ಗುರ್ತ ಹತ್ತಿತು. ಮಾರಿ ಯಾರದಂತ ನೆನಪಿಲ್ಲವಾ. ಭಾಳ ವರ್ಷಾತು."

ಮುಖ ನೆನಪಿಲ್ಲವಂತೆ! ನನಗೆ ಸಿಟ್ಟು ನೆತ್ತಿಗೇರಿತು. ಇಡೀ ಊರಿನಲ್ಲಿ ಸಾಕ್ಷಿ ಅಂತ ಇರುವುದು ಒಬ್ಬಳೇ, ಅವಳಿಗೂ ಆ ಪೌಡರಿನ ಸಿಟ್ಟು ಇನ್ನೂ ಇಳಿದಿಲ್ಲ. ಮರುದಿನದಿಂದ ದೊಡ್ಡವ್ವನಿಗೆ 'ಇಲ್ಲದ ಚರಣದ ಆಯಿ' ಎಂಬ ಹೆಸರು ಬಿತ್ತು.

ಆ ಹೆಸರು ಬಿದ್ದ ಸಂಜೆ ಅವಳು ಸೆರಗು ಕೊಡವಲಿಲ್ಲ. ನಮ್ಮ ಕಟ್ಟೆಯ ಮೇಲೆ ಬಂದು ಕುಳಿತಳು.

"ತಮ್ಮಾ, ಅವ್ರು ನಂಬೂದು ಬಿಡೂದು ಹಂಗಿರ್ಲಿ. ನಂದು ಆಗಿಂದು ಒಂದ ಫೋಟೋ ಇಲ್ಲ. ಮದಿವ್ಯಾಗೂ ತೆಗಸಲಿಲ್ಲ. ವೋಟಿನ ಕಾರ್ಡನ್ಯಾಗ ಇರಾಕಿ ಯಾರೋ ಏನೋ, ನನಗ ಗುರ್ತ ಹತ್ತೂದಿಲ್ಲ. ನಾ ಹೆಂಗ ಇದ್ನಿ ಅಂತ ಅದೊಂದರಾಗ ಐತಿ. ಅದನ್ನ ಹುಡುಕಿ ಕೊಡ."

ಮರುದಿನವೇ ನಾನು ಹಾವೇರಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದೆ ಕುತುಬುದ್ದೀನ ಚಾಚಾನ ಅಂಗಡಿ. ಮೊದಲು ಸಿನಿಮಾ ಸೀಡಿ ಬಾಡಿಗೆಗೆ ಕೊಡುತ್ತಿದ್ದ, ಈಗ ಮೊಬೈಲ್ ಕವರು ಮಾರುತ್ತಾನೆ. ಅಟ್ಟದ ಮೇಲಿನ ರಟ್ಟಿನ ಡಬ್ಬಗಳನ್ನೆಲ್ಲ ಇಳಿಸಿ, ಇಬ್ಬರೂ ಧೂಳು ತಿಂದು, ಕಡೆಗೆ ಆ ಸಿನಿಮಾದ ಸೀಡಿ ಸಿಕ್ಕಿತು. ಚಾಚಾ ಹಳೇ ಪ್ಲೇಯರಿಗೆ ಹಾಕಿದ. ಪಲ್ಲವಿ ಬಂತು. ಮೊದಲನೇ ಚರಣ ಬಂತು. ಕರ್ಚೀಫು ಬಂತು. ಆಮೇಲೆ ನೇರ ಹುಡುಗಿಯ ಅಪ್ಪ ಬಂದ.

"ಚಾಚಾ, ಎರಡನೇ ಚರಣ?"

"ಒಂದ ಸೀಡ್ಯಾಗ ಪಿಚ್ಚರ ಹಿಡಸಬೇಕಂದ್ರ ಏನರ ಕಡೀಬೇಕಲ್ಲ, ತಮ್ಮಾ. ಫೈಟ ಕಡದ್ರ ಗಿರಾಕಿ ಬೈತಿದ್ರು. ಎರಡನೇ ಚರಣ ಕಡದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ."

"ನಮ್ಮ ದೊಡ್ಡವ್ವಗ ಗೊತ್ತಾಗೈತಿ."

"ಅಕಿ ಒಬ್ಬಾಕಿ ಸಲುವಾಗಿ ಎರಡನೇ ಸೀಡಿ ಮಾಡಾಕ ಆಗ್ತಿತ್ತೇನ?" ಅಂದ ಚಾಚಾ, ತುಸು ಬೇಸರದಿಂದಲೇ. ಹೊರಡುವಾಗ ಚಹಾ ಕುಡಿಸಿದ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಪಲ್ಲವಿ ಹೀರೋನದು, ಮೊದಲನೇ ಚರಣ ಹೀರೋಯಿನ್ನಿನದು. ಬುಟ್ಟಿ ಹೊರುವವರು, ಎತ್ತು ಹೊಡೆಯುವವರು, ಬಾಗಿಲಲ್ಲಿ ನಿಂತು ನಗುವ ಮುದುಕಿಯರು, ಇವರೆಲ್ಲ ಬರುವುದು ಎರಡನೇ ಚರಣದಲ್ಲಿ. ನಾನೂ ಎಷ್ಟೋ ಸಲ ಮೊದಲನೇ ಚರಣ ಮುಗಿಯುತ್ತಿದ್ದಂತೆ ಹಾಡು ಬದಲಿಸಿದ್ದೇನೆ, ನೀವೂ ಬದಲಿಸಿರುತ್ತೀರಿ.

ಬಸ್ಸಿಳಿದು ಓಣಿಗೆ ಕಾಲಿಡುವಷ್ಟರಲ್ಲಿ ರಾಣೆಬೆನ್ನೂರಿನಿಂದ ಗೆಳೆಯನೊಬ್ಬ ಪೋಸ್ಟರಿನ ಫೋಟೋ ಕಳಿಸಿದ. ಈಗ ಹಳೇ ಸಿನಿಮಾಗಳನ್ನು ಮತ್ತೆ ಬಿಡುಗಡೆ ಮಾಡುವ ಕಾಲವಲ್ಲವೇ, ಇದೂ ಬಂದಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, 'ಹೊಸ ಪ್ರಿಂಟ್, ಯಾವ ಹಾಡನ್ನೂ ಕತ್ತರಿಸಿಲ್ಲ'. ನಾನು ಓಣಿಯಲ್ಲೇ ನಿಂತು ಎರಡು ಸಲ ಓದಿದೆ. ಗುರುವಾರವೇ ಕೊನೆಯ ದಿನ, ಶುಕ್ರವಾರ ಅಲ್ಲಿ ಬೇರೆ ಸಿನಿಮಾ. ಗುರುವಾರ ಬ್ಯಾಡಗಿಯ ಪೇಟೆ ದಿನ, ಕೆಲಸ ಬಿಟ್ಟರೆ ಮಾತು ಕೇಳಬೇಕು. ದೊಡ್ಡವ್ವ ಬಿಟ್ಟಳು. ಭುವನಾಳನ್ನೂ ಎಬ್ಬಿಸಿದಳು, "ಕಣ್ಣಾರೆ ನೋಡ ಬಾ" ಅಂದು. ಸಕೀನಾಬಿ ಯಾರೂ ಕರೆಯದೆ ಸ್ಟೇಶನ್ನಿಗೆ ಬಂದು ನಿಂತಿದ್ದಳು.

"ನೀ ಯಾಕ ಬಂದಿ?" ದೊಡ್ಡವ್ವ ಕೇಳಿದಳು.

"ನನ್ನ ಬುಟ್ಟಿ ನೋಡಾಕ."

ಮ್ಯಾಟಿನಿಗೆ ಥಿಯೇಟರಿನ ಮುಂದೆ ಜಾತ್ರೆಯಂತೆ ಕಾಲೇಜು ಹುಡುಗರು. ಬಾಲ್ಕನಿಯಲ್ಲಿ ಎರಡೇ ಸೀಟು ಉಳಿದಿದ್ದವು. ದೊಡ್ಡವ್ವ ಮತ್ತು ಸಕೀನಾಬಿ ಮೇಲೆ ಕೂರಲಿ, ನಾನೂ ಭುವನಾಳೂ ಕೆಳಗೆ ಹೋಗುತ್ತೇವೆ ಎಂದೆ. ಅದೇ ಸರಿಯಾದದ್ದು. ಆದರೆ ದೊಡ್ಡವ್ವ ಎರಡೂ ಟಿಕೆಟು ಕಿತ್ತು ಭುವನಾಳ ಕೈಗೂ ಸಕೀನಾಬಿಯ ಕೈಗೂ ಇಟ್ಟಳು.

"ನನ್ನ ನಾ ಎಲ್ಲಿಂದಾದ್ರೂ ಗುರ್ತ ಹಿಡೀತೇನಿ. ನಂಬದವ್ರು ಎತ್ತರದಾಗ ಕುಂದ್ರಲಿ, ಆಮ್ಯಾಲ ಕಾಣಲಿಲ್ಲ ಅನ್ನಬಾರದು."

ಹಟಕ್ಕೆ ಬಿದ್ದರೆ ಅವಳು ಯಾರ ಮಾತೂ ಕೇಳುವುದಿಲ್ಲ. ನಾವಿಬ್ಬರೂ ಕೆಳಗೆ, ಮುಂದಿನಿಂದ ನಾಲ್ಕನೇ ಸಾಲಿನಲ್ಲಿ ಕೂತೆವು. ಇಂಟರ್ವಲ್ಲಿನವರೆಗೂ ಎಲ್ಲ ಚೆನ್ನಾಗಿತ್ತು. ದೊಡ್ಡವ್ವ ಮಿರ್ಚಿ ಭಜಿ ಮುಟ್ಟಲಿಲ್ಲ, ನೀರನ್ನೂ ಕುಡಿಯಲಿಲ್ಲ, ನಡುವೆ ಏಳಬೇಕಾದೀತೆಂದು. ಇಂಟರ್ವಲ್ ಮುಗಿದು ಸ್ವಲ್ಪ ಹೊತ್ತಿಗೆ ಕಾರು ಬಂತು, ಕಣ ಕಂಡಿತು, ಪರದೆಯ ತುಂಬ ಆ ಕೆಂಪು. ಡೋಲು ಬಿತ್ತು.

ಇಡೀ ಥಿಯೇಟರು ಎದ್ದು ನಿಂತಿತು.

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹಳೇ ಸಿನಿಮಾಕ್ಕೆ ಹುಡುಗರು ಬರುವುದು ಹಾಡು ನೋಡಲಲ್ಲ, ಹಾಡಿಗೆ ಕುಣಿಯಲು. ಮುಂದಿನ ಸಾಲಿನವರು ಪರದೆಯ ಬುಡಕ್ಕೆ ಓಡಿದರು, ಹಿಂದಿನವರು ಸೀಟಿನ ಮೇಲೆ ಹತ್ತಿದರು. ಚಿಂದಿ ಪೇಪರು ಹಾರಿತು. ಎತ್ತಿದ ಕೈಗಳು, ಕೈಗಳ ತುದಿಗೆ ಫೋನುಗಳು. ನಮಗೆ ಕಾಣಿಸಿದ್ದು ಬೆವೆತ ಅಂಗಿಗಳ ಬೆನ್ನು ಮಾತ್ರ.

"ಕುಂದರ್ರೆಪಾ, ಕುಂದರ್ರಿ" ಎಂದು ದೊಡ್ಡವ್ವ ಮುಂದಿನವನ ಬೆನ್ನು ತಟ್ಟಿದಳು. ಅವನಿಗೆ ಕೇಳಿಸಲಿಲ್ಲ. ನಾನು ಅವನ ಅಂಗಿ ಹಿಡಿದು ಎಳೆದೆ. ಅವನು ತಿರುಗಿದ.

"ಅಣ್ಣಾ, ಈ ಹಾಡಿಗೆ ಕುಂದ್ರಾಕ ಬಂದೀಯೇನ ನೀ? ಕುಂದರೂದಿದ್ರ ಮನ್ಯಾಗ ಕುಂದರಬೇಕಿತ್ತು."

ಮೊದಲನೇ ಚರಣ ಶುರುವಾಯಿತು. ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಹುಡುಗರನ್ನು ಮೊಣಕೈಯಿಂದ ಸರಿಸುತ್ತಾ ಪರದೆಯ ಹತ್ತಿರ ಹೊರಟಳು. ನಾನು ಹಿಂದೆ ಓಡಿದೆ. ಎಲ್ಲರನ್ನೂ ದಾಟಿ ಮುಂದೆ ನಿಂತರೆ ಯಾವ ಬೆನ್ನೂ ಅಡ್ಡ ಬರುವುದಿಲ್ಲ, ಅವಳ ಲೆಕ್ಕ ಅಷ್ಟೇ. ಮೊದಲನೇ ಚರಣ ಮುಗಿಯುವಷ್ಟರಲ್ಲಿ ಮುಂದೆ ತಲುಪಿಯೂಬಿಟ್ಟಳು.

ಆಗ ಒಬ್ಬ ಅವಳನ್ನು ನೋಡಿದ. "ಲೇ, ಆಯಿ ಕುಣ್ಯಾಕ ಬಂದಾಳ, ಜಾಗಾ ಬಿಡ್ರಿ."

ಅಷ್ಟೇ ಸಾಕಾಯಿತು. ಹುಡುಗರು ಅವಳ ಸುತ್ತ ಕೈ ಹಿಡಿದು ಗುಂಡಗೆ ನಿಂತರು. ಒಬ್ಬ ತನ್ನ ಟವೆಲ್ ಅವಳ ಹೆಗಲಿಗೆ ಹಾಕಿದ. ಪರದೆಯತ್ತ ಇದ್ದ ಫೋನುಗಳೆಲ್ಲ ಅವಳತ್ತ ತಿರುಗಿದವು. "ಸರೀರೋ, ನನ್ನ ನಾ ನೋಡಬೇಕು" ಎಂದು ಅವಳು ಎರಡೂ ಕೈ ಎತ್ತಿ ಬೈಯುತ್ತಿದ್ದಾಳೆ. ಅವರು, "ಹಂಗ ಆಯಿ, ಕೈ ಹಂಗ" ಎಂದು ಅವಳ ಕೈಯಂತೆ ತಮ್ಮ ಕೈ ಆಡಿಸುತ್ತಿದ್ದಾರೆ. ಅವಳು ಒಬ್ಬನನ್ನು ತಳ್ಳಿ ತಲೆ ಎತ್ತಿದಳು. ಪರದೆಯ ಬುಡದಲ್ಲಿ ನಿಂತರೆ ಏನು ಕಂಡೀತು? ನಾನೂ ಅಲ್ಲೇ ಇದ್ದೆ, ನನಗೆ ಕಂಡಿದ್ದು ಮೇಲೆಲ್ಲೋ ಒಂದು ದೊಡ್ಡ ಕಂದು ಬಣ್ಣ, ಅದರ ಕೆಳಗೆ ಬೆಳ್ಳಗೆ ಏನೋ. ಬುಟ್ಟಿಯೋ, ಗದ್ದವೋ, ಹಲ್ಲೋ ಗೊತ್ತಾಗಲಿಲ್ಲ. ಕಣ್ಣು ಹೊಂದಿಸಿಕೊಳ್ಳುವಷ್ಟರಲ್ಲಿ ಅಪ್ಪನ ಕಾಲು ಬಂದವು.

ಹಾಡು ಮುಗಿದದ್ದೇ ಹುಡುಗರು ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿ ಕೂತರು. ಒಳ್ಳೆಯ ಹುಡುಗರೇ. ನಾಲ್ಕು ಬಾರಿಸಬೇಕು ಅನ್ನಿಸಿತು.

ನಾನು ಆಪರೇಟರನ ಕೋಣೆಗೆ ಓಡಿದೆ. ಹಾಡು ಇನ್ನೊಮ್ಮೆ ಹಾಕಿ ಎಂದು ಕೈ ಮುಗಿದೆ. ಮೊದಲಾದರೆ ಜನ ಕೂಗಿದರೆ ರೀಲು ಹಿಂದೆ ಸುತ್ತುತ್ತಿದ್ದರಂತೆ. "ಈಗ ಎಲ್ಲಾ ಕಂಪ್ಯೂಟರ ಐತ್ರಿ. ಶುರು ಮಾಡೂದಷ್ಟ ನಮ್ಮ ಕೈಯಾಗ. ನಡುವ ಮುಟ್ಟಿದ್ರ ಮ್ಯಾಲಿನವ್ರು ಕೇಳ್ತಾರ" ಅಂದ. ಮುಂದಿನ ಆಟಕ್ಕೆ ಕೂರೋಣವೆಂದರೆ ಅದಕ್ಕೆ ಟಿಕೆಟೆಲ್ಲ ಆಗಲೇ ಹೋಗಿದ್ದವು.

ಹೊರಗೆ ಭುವನಾ ನಗುತ್ತಾ ಬಂದಳು. ನಾನು ಕೇಳಿದೆ, "ನೋಡಿದಿ?"

"ನೋಡಿದ್ನಿ. ಆಯಿ ಏನ ಕುಣದಾಳ. ಮ್ಯಾಲಿಂದ ಪೂರಾ ವಿಡಿಯೋ ಮಾಡೇನಿ."

"ಪರದೆ ನೋಡಿದಿ ಅಂತ ಕೇಳಾಕತ್ತೇನಿ."

ಅವಳ ಮುಖ ಸಪ್ಪಗಾಯಿತು. ಫೋನ್ ತೆಗೆದು ತೋರಿಸಿದಳು. ಕೆಳಗೆ ದೊಡ್ಡವ್ವ, ಸುತ್ತ ಹುಡುಗರು, ಎಲ್ಲ ಸ್ಪಷ್ಟ. ಮೇಲೆ ಪರದೆ ಇರಬೇಕಾದಲ್ಲಿ ಬರೀ ಬಿಳಿ ಬೆಳಕು, ಟ್ಯೂಬ್‌ಲೈಟ್ ಹಚ್ಚಿದ ಹಾಗೆ. ಆ ಬೆಳಕಿನೊಳಗೇ ಎರಡನೇ ಚರಣ ಹೋಗಿಬಿಟ್ಟಿತ್ತು.

ಸ್ಟೇಶನ್ನಿನಲ್ಲಿ ರೈಲಿಗೆ ಕಾಯುವಷ್ಟರಲ್ಲಿ ಯಾವನೋ ರೀಲ್ಸ್ ಹಾಕಿಯೂ ಆಗಿತ್ತು, 'ರಾಣೆಬೆನ್ನೂರಿನ ಡ್ಯಾನ್ಸ್ ಆಯಿ' ಎಂದು. ದೊಡ್ಡವ್ವನ ಬೈಗುಳ ಒಂದೂ ಕೇಳುವುದಿಲ್ಲ, ಅದರ ಮೇಲೆ ಹಾಡು ಹಚ್ಚಿದ್ದಾನೆ. ಅದೂ ಪಲ್ಲವಿ.

ರೈಲಿನಲ್ಲಿ ದೊಡ್ಡವ್ವ ಕಿಟಕಿಗೆ ತಲೆ ಆನಿಸಿ ಕೂತಳು, ಹೆಗಲ ಮೇಲೆ ಆ ಹುಡುಗನ ಟವೆಲ್ ಹಾಗೆಯೇ ಇತ್ತು. ಸಕೀನಾಬಿ ಎದುರಿಗೆ. ಭುವನಾ ಸಮಾಧಾನ ಮಾಡಲು ಹೋದಳು.

"ಹೋಗ್ಲಿ ಬಿಡ, ಆಯಿ. ಈಗ ಖರೇನ ಫೋನಿನ್ಯಾಗ ಬಂದೀದಿ. ಇನ್ನ ಯಾರೂ ಸುಳ್ಳ ಅನ್ನೂದಿಲ್ಲ."

"ಈಗೇನ ಬರೂದು?" ಸಕೀನಾಬಿ ತಟ್ಟನೆ ಅಂದಳು. "ಅಕಿ ಇಪ್ಪತ್ತ ವರ್ಷದ ಹಿಂದ ಬಂದಾಳ. ನೀ ಫೋನ ಹಿಡಕೊಂಡ ಕೆಳಗ ನೋಡಾಕತ್ತಿದ್ದಿ, ನಾ ಮ್ಯಾಲ ನೋಡಿದ್ನಿ. ಬುಟ್ಟಿ ನಂದು, ಮಾರಿ ಅಕೀದು. ಹೋಗಿ ಎಲ್ಲಾರ ಮುಂದ ಹೇಳ, ಸಕೀನಾ ಖಾಲಾ ಹೇಳ್ಯಾಳ ಅಂತ."

ಭುವನಾ ತಲೆ ಆಡಿಸಿದಳು. ನಾನು ದೊಡ್ಡವ್ವನ ಮುಖ ನೋಡಿದೆ, ಈಗಲಾದರೂ ನಗುತ್ತಾಳೆ ಎಂದು. ಅವಳು ನಗಲಿಲ್ಲ.

"ಇಷ್ಟ ವರ್ಷ ಬಾಯಾಗ ಏನ ಇಟ್ಕೊಂಡಿದ್ದಿ?"

"ನಾ ಸೀನದಿದ್ರ ಅಲ್ಲಿ ನಾ ಇರತಿದ್ನಿ. ಹೆಂಗ ಹೇಳಾಕ ಬರ್ತೈತಿ?"

ಆಮೇಲೆ ದೊಡ್ಡವ್ವ ಮುಂದೆ ಬಾಗಿದಳು.

"ಹೆಂಗ ಕಾಣಸ್ತೇನಿ ಅದರಾಗ?"

ಸಕೀನಾಬಿ ಯೋಚಿಸಿದಳು. ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು.

"ಬುಟ್ಟಿ ಕೊಟ್ಟಿ. ನಕ್ಕಿ."

"ಅದ ಗೊತ್ತೈತಿ. ಹೆಂಗ ಕಾಣಸ್ತೇನಿ?"

"ನಿನ್ನಂಗ."

"ನನ್ನಂಗ ಅಂದ್ರ ಹೆಂಗ, ಸಕೀನಾ?"

ಸಕ್ಕರೆಯಂತೆ ಮಾತಾಡಲು ಸಕೀನಾಬಿಗೆ ಬರುವುದಿಲ್ಲ. ಅವಳು ದೊಡ್ಡವ್ವನ ಮುಖವನ್ನೇ ನೋಡಿದಳು, ಕೈಯಿಂದ ಗಾಳಿಯಲ್ಲಿ ಏನೋ ಗುಂಡಗೆ ತೋರಿಸಲು ಹೋಗಿ ಅರ್ಧಕ್ಕೆ ಬಿಟ್ಟಳು. "ಹೆಂಗಂತ ಹೇಳ್ಲಿ, ನೀ ಇದ್ದಂಗ ಇದ್ದಿ" ಅಂದಳು. ಬ್ಯಾಡಗಿ ಬಂತು. ಇಳಿದು ಓಣಿಯವರೆಗೂ ದೊಡ್ಡವ್ವ ಅವಳ ಪಕ್ಕದಲ್ಲೇ ನಡೆದು ಅದನ್ನೇ ಕೇಳುತ್ತಿದ್ದಳು, ಮೂಗು ಹೆಂಗಿತ್ತು, ಕೂದಲಿನ್ಯಾಗ ಹೂವ ಇತ್ತೇನ, ಕಣ್ಣ ಮುಚ್ಚಿ ನಕ್ಕಿದ್ನೋ ತೆರದೋ. ಸಕೀನಾಬಿ ಒಂದೊಂದಕ್ಕೂ ನಿಂತು ನೆನಪು ಮಾಡಿಕೊಳ್ಳುತ್ತಿದ್ದಳು. ಒಂದಕ್ಕೂ ಸರಿಯಾದ ಉತ್ತರ ಬರಲಿಲ್ಲ.